ಇಬ್ಬರೇ ಆಡುತ್ತಿದ್ದ ಭಾಷೆ

ಫೆಬ್ರವರಿ 11

ಕಿವುಡರ ಶಾಲೆಯ ಮೇಷ್ಟ್ರಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ, ನಾನು ಯಾರೆಂದು ನಿಮಗೂ ಗೊತ್ತಿಲ್ಲ. ಆದರೆ ನೀವು ಪತ್ರಿಕೆಯಲ್ಲಿ ಹಾಕಿಸಿರುವ ಫೋಟೋದಲ್ಲಿ ಇರುವವನು ನನ್ನ ತಮ್ಮ.

ನಾನು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವವಳು. ಹೋದ ತಿಂಗಳು ಕಾರ್ಖಾನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದೇನೆ. ನಿನ್ನೆ ನನ್ನ ಪಕ್ಕದ ಮಿಷನ್ನಿನವಳು ನೋಡಲು ಬಂದಳು. ಕೈಯಲ್ಲಿ ಪತ್ರಿಕೆ. "ಏ, ಇದು ನಿನ್ನ ತಮ್ಮ ಅಲ್ವೇನೇ? ಸರಿಯಾಗಿ ನೋಡೇ" ಎಂದಳು. ಗಡ್ಡ ಬೆಳೆದಿದೆ, ಕೆನ್ನೆ ಒಳಗೆ ಹೋಗಿದೆ. ಆದರೂ ಎಡಹುಬ್ಬಿನ ನಡುವೆ ಕೂದಲಿಲ್ಲದ ಆ ಗೆರೆ, ಚಿಕ್ಕವನಿದ್ದಾಗ ಬಾಗಿಲಿಗೆ ಹೊಡೆದುಕೊಂಡದ್ದು, ಹಾಗೇ ಇದೆ.

ಫೋಟೋದ ಕೆಳಗೆ ಬರೆದದ್ದನ್ನು ಎಷ್ಟು ಸಲ ಓದಿದೆನೋ. "ಹೆಸರು, ಊರು ತಿಳಿದಿಲ್ಲ. ಕಿವಿ ಕೇಳದು, ಮಾತು ಬಾರದು. ಹತ್ತಿ ಗೋದಾಮಿಗೆ ಬೆಂಕಿ ಇಟ್ಟ ಆರೋಪದ ಮೇಲೆ ಸೆರೆಯಲ್ಲಿದ್ದಾನೆ. ಇವನ ಸನ್ನೆ ಬಲ್ಲವರು ತಿಳಿಸಬೇಕು."

ಮಾತು ಬಾರದು ಎಂದು ಯಾರು ಹೇಳಿದರು ಮೇಷ್ಟ್ರೇ? ಚೆನ್ನಾಗಿ ಬರುತ್ತದೆ. ವಾಚಾಳಿ ಅವನು. ಆದರೆ ಅವನ ಮಾತು ನಾವಿಬ್ಬರೂ ಚಿಕ್ಕಂದಿನಲ್ಲಿ ಕಟ್ಟಿಕೊಂಡದ್ದು. ಶಾಲೆಗೆ ಅವನನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಅಪ್ಪನಿಗೆ ಅಷ್ಟೂ ಇಲ್ಲ. ಅವರಿಬ್ಬರೂ ಈಗಿಲ್ಲ. ಭೂಮಿಯ ಮೇಲೆ ಆ ಭಾಷೆ ಬಲ್ಲವಳು ನಾನೊಬ್ಬಳೇ.

ಮೂರು ವರ್ಷದ ಹಿಂದೆ ಒಂದು ದಿನ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅವನಿರಲಿಲ್ಲ. ದಾರಿ ತಪ್ಪಿರಬೇಕು, ಇಲ್ಲವೆ ಯಾರೋ ಪುಸಲಾಯಿಸಿ ಕರೆದುಕೊಂಡು ಹೋಗಿರಬೇಕು. ಹುಡುಕದ ಜಾಗವಿಲ್ಲ.

ಈಗಲೇ ಎದ್ದು ಬರಬೇಕು. ಆದರೆ ಸೊಂಟದವರೆಗೆ ಪ್ಲಾಸ್ಟರ್ ಸುತ್ತಿದ್ದಾರೆ. "ಎದ್ದರೆ ಆಮೇಲೆ ಈ ಕಾಲು ನಿನ್ನದಲ್ಲ" ಎಂದು ಡಾಕ್ಟರು ಹೆದರಿಸಿದ್ದಾರೆ. ಅವನಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತಾರೆಯೇ? ಯಾರಾದರೂ ಅವನ ಹತ್ತಿರ ಮಾತಾಡುತ್ತಾರೆಯೇ?

ಇಂತಿ,
ಅವನ ಅಕ್ಕ

*

ಫೆಬ್ರವರಿ 19

ತಂಗೀ,

ನಿನ್ನ ಕಾಗದ ಬಂದಾಗ ನಾನು ಅಂಗಡಿಗೆ ಹೊರಟಿದ್ದೆ. ಹೋಗಲೇ ಇಲ್ಲ. ಚಪ್ಪಲಿ ಹಾಕಿಕೊಂಡೇ ಕುಳಿತು ಓದಿದೆ.

ನಾನು ಆ ಶಾಲೆಯ ನಿವೃತ್ತ ಮೇಷ್ಟ್ರು. ನನ್ನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ನಾನು ಬಾಯಲ್ಲಿ ತೊದಲುವುದಕ್ಕೆ ಮೊದಲು ಕೈಯಲ್ಲಿ ತೊದಲಿದವನು. ಊರಿನವರು ನನ್ನನ್ನು ಸನ್ನೆ ಮೇಷ್ಟ್ರು ಎನ್ನುತ್ತಾರೆ. ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು ಹಳೆಯ ಕೇಸು ತೆಗೆದು, "ಆರೋಪಿಗೆ ತನ್ನ ಮೇಲಿನ ಆರೋಪ ಏನೆಂದು ತಿಳಿಸಿದವರು ಯಾರು?" ಎಂದು ಕೇಳಿದರಂತೆ. ಯಾರೂ ತಿಳಿಸಿರಲಿಲ್ಲ. ಆಗ ನನಗೆ ಹೇಳಿಕಳಿಸಿದರು.

ನಡೆದದ್ದು ಇಷ್ಟು. ನಿನ್ನ ತಮ್ಮ ಇಲ್ಲಿ ಒಂದು ಹತ್ತಿ ಗೋದಾಮಿನಲ್ಲಿ ಮೂಟೆ ಹೊರುತ್ತಾ ಅಲ್ಲೇ ಜಗಲಿಯ ಮೇಲೆ ಮಲಗುತ್ತಿದ್ದ. ಒಂದು ಸಂಜೆ ಬೆಂಕಿ ಬಿತ್ತು. "ಇವನು ನನ್ನ ಮೇಲೆ ಬಿದ್ದು ಎಳೆದಾಡಿದ" ಎಂದು ಗೋದಾಮಿನ ಕಾವಲುಗಾರ ದೂರು ಕೊಟ್ಟ. ಇವನ ಎರಡೂ ಕೈ ಸುಟ್ಟಿದ್ದವು. ಕೈ ಸುಟ್ಟಿದೆ ಎಂದಮೇಲೆ ಬೆಂಕಿ ಇಟ್ಟವನೇ ಎಂದು ಪೊಲೀಸರು ತೀರ್ಮಾನಿಸಿದರು. ಆಸ್ಪತ್ರೆಯಲ್ಲಿ ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದಾಗಲೇ ವಿಚಾರಣೆ. ನೀನೇ ಇಟ್ಟೆಯಾ ಎಂದರು, ತಲೆಯಾಡಿಸಿದನಂತೆ. ಬೇಕೆಂದೇ ಇಟ್ಟೆಯಾ ಎಂದರು, ಅದಕ್ಕೂ ಆಡಿಸಿದನಂತೆ. "ಒಪ್ಪಿಕೊಂಡಿದ್ದಾನೆ" ಎಂದು ಬರೆದುಕೊಂಡರು. ಅಂದಿನಿಂದ ಸೆರೆ. ಜೈಲಿನಲ್ಲಿ ಅವನಿಗೆ ಹೂಂರಾಯ ಎಂದು ಹೆಸರಿಟ್ಟಿದ್ದಾರೆ. ಏನು ಕೇಳಿದರೂ ಹೂಂ.

ಮೊದಲ ದಿನ ಅವನನ್ನು ಕೈಕೋಳ ಹಾಕಿ ಕರೆತಂದರು. "ಕೋಳ ಬಿಚ್ಚಿ" ಎಂದೆ. "ನಿಯಮ ಇಲ್ಲ ಸಾರ್. ಅಪಾಯದ ಆಸಾಮಿ" ಎಂದ ಪೇದೆ. "ಅಪ್ಪಾ, ನಿನ್ನ ಬಾಯಿಗೆ ಬಟ್ಟೆ ತುರುಕಿ, ಈಗ ಮಾತಾಡು ಅಂದ್ರೆ ಆಡ್ತೀಯಾ? ಇವನಿಗೆ ಅದು ಕೈ ಅಲ್ಲ, ಬಾಯಿ" ಎಂದೆ. ಗೊಣಗುತ್ತಾ ಬೀಗದ ಕೈ ತೆಗೆದು ಬಿಚ್ಚಿದ.

ಆದರೆ ನನಗೆ ಬರುವ ಸನ್ನೆ ಒಂದೂ ಅವನಿಗೆ ತಿಳಿಯಲಿಲ್ಲ. ಅವನದು ನನಗೂ. ಅವನ ಬಲಗೈಯ ಎರಡು ಬೆರಳು ಸುಟ್ಟು ಮರಗಟ್ಟಿವೆ. ಅವನು ಸ್ವಲ್ಪ ಹೊತ್ತು ಪ್ರಯತ್ನಿಸಿ, ಗೋಡೆಗೆ ತಿರುಗಿ ಕುಳಿತ.

ಫೋನು ಬೇಡ, ಫೋನಿನಲ್ಲಿ ಕೈ ಕಾಣುವುದಿಲ್ಲ. ಬರೆ. ಒಂದೊಂದು ಪದಕ್ಕೂ ಕೈ ಎಲ್ಲಿ, ಬೆರಳು ಹೇಗೆ, ಮುಖ ಹೇಗೆ, ಎಲ್ಲ ಬರೆ. ಕಾಗದ ಎದುರಿಗಿಟ್ಟುಕೊಂಡು ಕಲಿಯುತ್ತೇನೆ. ವಯಸ್ಸಾಗಿದೆ, ತಲೆಗೆ ಹತ್ತುವುದು ನಿಧಾನ. ಆದರೆ ನನಗೆ ಬೇರೆ ಕೆಲಸವೂ ಇಲ್ಲ.

ಇಂತಿ,
ಸನ್ನೆ ಮೇಷ್ಟ್ರು

*

ಫೆಬ್ರವರಿ 26

ಮೇಷ್ಟ್ರೇ,

ಎಲ್ಲಿಂದ ಶುರು ಮಾಡಲಿ? ಭಾಷೆಯನ್ನು ಬರೆದು ಕಳಿಸು ಎಂದರೆ ಮನೆಯನ್ನು ಕಿತ್ತು ಟಪಾಲಿಗೆ ಹಾಕು ಎಂದಂತೆ.

ಮೊದಲು ಮುಖ್ಯವಾದದ್ದು. ಅವನು ತಲೆಯಾಡಿಸುವುದು ಒಪ್ಪಿಗೆಯಲ್ಲ. ಯಾರು ಎದುರಿಗೆ ನಿಂತು ಬಾಯಿ ಆಡಿಸಿದರೂ ತಲೆ ಆಡಿಸುತ್ತಾನೆ. ಚಿಕ್ಕಂದಿನಲ್ಲೇ ಕಂಡುಕೊಂಡ ಉಪಾಯ ಅದು. ತಲೆ ಆಡಿಸಿದರೆ ಜನ ಬೇಗ ಬಿಟ್ಟು ಹೋಗುತ್ತಾರೆ. ಆಡಿಸದಿದ್ದರೆ ಬಾಯಿ ಇನ್ನೂ ದೊಡ್ಡದು ಮಾಡುತ್ತಾರೆ, ಕತ್ತಿನ ನರ ಉಬ್ಬಿಸುತ್ತಾರೆ, ಕೆಲವರು ಕೈಯನ್ನೂ ಎತ್ತುತ್ತಾರೆ. ಅವನ ನಿಜವಾದ ಹೌದು ಎಂದರೆ ಎರಡೂ ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುವುದು. ಇಲ್ಲ ಎಂದರೆ ಅಂಗೈಯಿಂದ ತೊಡೆಯ ಮೇಲಿನ ಧೂಳು ಕೊಡವಿದಂತೆ.

ಅಮ್ಮ: ಸೊಂಟಕ್ಕೆ ಕೈ ಒತ್ತಿ ಸ್ವಲ್ಪ ಬಾಗುವುದು. ಅಮ್ಮನಿಗೆ ಸದಾ ಸೊಂಟನೋವು. ಅಪ್ಪ: ಎದೆ ಹಿಡಿದು ಕೆಮ್ಮುವುದು. ಮುಗಿಯಿತು, ತೀರಿಕೊಂಡರು, ನಿನ್ನೆ, ಎಲ್ಲಕ್ಕೂ ಒಂದೇ, ಲೋಟ ಕವುಚಿ ಇಟ್ಟಂತೆ. ಬೆಂಕಿ: ಬೆರಳ ತುದಿಗೆ ಊದಿಕೊಳ್ಳುವುದು. ಪೊಲೀಸು: ಹೊಟ್ಟೆ ಮುಂದೆ ಮಾಡಿ ಬೆಲ್ಟು ಎಳೆದುಕೊಳ್ಳುವುದು, ಇದನ್ನು ಜೈಲಿನಲ್ಲಿ ಹುಷಾರಾಗಿ ಮಾಡಿ. ಸುಳ್ಳು: ಮೂಗು ಹಿಂಡಿಕೊಳ್ಳುವುದು. ಅವನ ಹೆಸರು: ಎಡಹುಬ್ಬಿನ ಮೇಲೆ ಒಂದು ಬೆರಳು ಎಳೆಯುವುದು.

ನನ್ನ ಹೆಸರು: ಮುಂದಿನ ಹಲ್ಲನ್ನು ಉಗುರಿನಿಂದ ಎರಡು ಸಲ ತಟ್ಟುವುದು. ನನ್ನ ಮುಂದಿನ ಹಲ್ಲು ಸೊಟ್ಟ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಕೋಪ ಬರುತ್ತಿತ್ತು.

ಇನ್ನೂ ನೂರಾರು ಇವೆ, ದಿನಾ ಬರೆಯುತ್ತೇನೆ. ಬರೆಯುವಾಗ ಕೈ ತಾನಾಗಿ ಆಡುತ್ತದೆ. ಮೂರು ವರ್ಷ ಆಡಿಸಿರಲಿಲ್ಲ. ಪಕ್ಕದ ಮನೆಯ ಮಗು ಕಿಟಕಿಯಲ್ಲಿ ನಿಂತು ನೋಡುತ್ತಿತ್ತು. "ಅಮ್ಮಾ, ಆಂಟಿ ಒಬ್ಬರೇ ಜಗಳ ಆಡ್ತಿದಾರೆ" ಎಂದು ಕೂಗಿ ಓಡಿತು.

ಇಂತಿ,
ಅಕ್ಕ

*

ಮಾರ್ಚ್ 9

ತಂಗೀ,

ಇವತ್ತು ಹೋಗಿದ್ದೆ. ಅವನು ಎಂದಿನಂತೆ ಗೋಡೆ ನೋಡುತ್ತಾ ಕುಳಿತಿದ್ದ. ನಾನು ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಹುಬ್ಬಿನ ಮೇಲೆ ಬೆರಳು ಎಳೆದೆ. ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹಲ್ಲು ತಟ್ಟಿದೆ, ಎರಡು ಸಲ.

ತಂಗೀ, ಅವನು ನನ್ನ ಮಣಿಕಟ್ಟು ಹಿಡಿದುಕೊಂಡ ಹಿಡಿತ ಇನ್ನೂ ನೋಯುತ್ತಿದೆ. ನನ್ನ ಹೆಗಲ ಮೇಲಿನಿಂದ ಬಾಗಿಲ ಕಡೆ ನೋಡಿದ. ನೀನು ಬಂದಿದ್ದೀಯ ಅಂದುಕೊಂಡ. ನೀನಿಲ್ಲ ಎಂದು ತಿಳಿಸಲು ನಾನು ಕಾಲು ಮುರಿದದ್ದನ್ನು ಅಭಿನಯಿಸಬೇಕಾಯಿತು. ಕಾಲು ಹಿಡಿದು ಕುಂಟಿ, ಬಿದ್ದು ತೋರಿಸಿದೆ. ಪೇದೆ ಓಡಿ ಬಂದ, ನನಗೇ ಏನೋ ಆಯಿತೆಂದು. ನಿನ್ನ ತಮ್ಮ ನಕ್ಕ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

ಆಮೇಲೆ ಶುರುವಾಯಿತು ನೋಡು, ಕಟ್ಟೆ ಒಡೆದ ಹಾಗೆ. ನನಗೆ ಹತ್ತರಲ್ಲಿ ಒಂದು ತಿಳಿದಿದ್ದರೆ ಹೆಚ್ಚು. ಆದರೂ ಕಣ್ಣು ಮುಚ್ಚಿ ತೆರೆಯುತ್ತಾ ಕುಳಿತೆ. ಹೊರಡುವಾಗ ಅವನು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ಬಿಡಿಸಿಕೊಂಡು ಬರುವುದು ಕಷ್ಟವಾಯಿತು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ. ಬಾಯಿದ್ದೂ ಕೇಳುವವರಿಲ್ಲದಿದ್ದರೆ ಹೇಗೆ ಬದುಕುತ್ತಾರೆಂದು ಯಾರೂ ಗಾದೆ ಕಟ್ಟಲಿಲ್ಲ. ನನ್ನ ಅಮ್ಮ ಹೋದಮೇಲೆ ನಮ್ಮ ಮನೆಯಲ್ಲೂ ಕೈ ಆಡಿಸುವವರಿಲ್ಲ. ನಿನ್ನ ಕಾಗದ ಮೇಜಿನ ಮೇಲಿಟ್ಟು ಅಭ್ಯಾಸ ಮಾಡುವಾಗ ಮಾತ್ರ ಮನೆಯಲ್ಲಿ ಯಾರೋ ಇದ್ದಂತೆ ಅನ್ನಿಸುತ್ತದೆ.

ಇಂತಿ,
ಸನ್ನೆ ಮೇಷ್ಟ್ರು

*

ಏಪ್ರಿಲ್ 4

ತಂಗೀ,

ಕೋರ್ಟಿನ ಸುದ್ದಿ ಬರೆಯುತ್ತೇನೆ, ಕೂತಿದ್ದೀಯ ತಾನೆ? ನೀನು ಕೂತೇ ಇರುತ್ತೀಯ, ಮರೆತೆ.

ತನಿಖೆ ಮಾಡಿದ ಇನ್ಸ್‌ಪೆಕ್ಟರು ಕಟಕಟೆಯಲ್ಲಿ ನಿಂತಿದ್ದರು. "ಮೌನಾನೇ ಸಮ್ಮತಿ ಅಂತಾರೆ ಸ್ವಾಮಿ. ಇವನು ತಲೆ ಬೇರೆ ಆಡಿಸಿದಾನೆ. ಇನ್ನೇನು ಬೇಕು?" ಎಂದರು.

ನಾನು ನ್ಯಾಯಾಧೀಶರಲ್ಲಿ ಒಂದು ಅಪ್ಪಣೆ ಕೇಳಿದೆ. ಇನ್ಸ್‌ಪೆಕ್ಟರು ಅಂದು ಕೇಳಿದ ಹಾಗೆಯೇ, ಅದೇ ಗತ್ತಿನಲ್ಲಿ, ನಾನು ಬರೆದುಕೊಟ್ಟ ಪ್ರಶ್ನೆ ಕೇಳಬೇಕು. ಒಪ್ಪಿದರು. ಚೀಟಿ ನೋಡಿ ಇನ್ಸ್‌ಪೆಕ್ಟರ ಮುಖ ಕೆಂಪಾಯಿತು.

"ಓದಿ" ಎಂದರು ನ್ಯಾಯಾಧೀಶರು.

"ಈ... ಈ ನ್ಯಾಯಾಧೀಶರು ಕೂತಿರೋ ಕುರ್ಚಿ ಕದ್ದವನು ನೀನೇನಾ?"

ನಿನ್ನ ತಮ್ಮ ಗಂಭೀರವಾಗಿ ತಲೆಯಾಡಿಸಿದ.

"ಹೋದ ವರ್ಷ ಚಂದ್ರನನ್ನ ಒಡೆದು ಹಾಕಿದವನು ನೀನೇನಾ?"

ಅದಕ್ಕೂ ಆಡಿಸಿದ. ಹಿಂದೆ ಕುಳಿತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅವರು ಪೆನ್ನು ಕೆಳಗಿಟ್ಟು ನಿನ್ನ ತಮ್ಮನನ್ನೇ ನೋಡುತ್ತಿದ್ದರು. ನಗು ನಿಂತಮೇಲೆ ಹೇಳಿದರು: "ಒಂದೂವರೆ ವರ್ಷ ಈ ಮನುಷ್ಯನ ಜೊತೆ ಯಾರೂ ಮಾತಾಡಿಲ್ಲ. ಅವನ ಪರವಾಗಿ ನಾವೇ ಆಡಿಕೊಂಡಿದ್ದೇವೆ."

ತಪ್ಪೊಪ್ಪಿಗೆಯನ್ನು ತಳ್ಳಿಹಾಕಿದ್ದಾರೆ. ಆದರೆ ಕಾವಲುಗಾರನ ಸಾಕ್ಷಿ ಹಾಗೇ ಇದೆ. ಇವನು ಮೇಲೆ ಬಿದ್ದು ಎಳೆದಾಡಿದ್ದು ನಿಜ, ಕಾವಲುಗಾರನ ಭುಜದ ಮೇಲೆ ಗಾಯವಿತ್ತು. ಅದಕ್ಕೆ ನಿನ್ನ ತಮ್ಮನೇ ಉತ್ತರ ಹೇಳಬೇಕು. ನನ್ನ ಅರ್ಧಂಬರ್ಧ ಕಲಿಕೆ ಅದಕ್ಕೆ ಸಾಲದು, ಒಂದು ಬೆರಳು ತಪ್ಪಾಗಿ ಓದಿದರೆ ಒಂದು ಜೀವದ ಮಾತು. ನೀನೇ ಬರಬೇಕು. ಪ್ಲಾಸ್ಟರ್ ಬಿಚ್ಚಿದಮೇಲೆ ಬಾ ಎಂದು ಮೇ ತಿಂಗಳಿಗೆ ದಿನ ಕೊಟ್ಟಿದ್ದಾರೆ.

ಇಂತಿ,
ಸನ್ನೆ ಮೇಷ್ಟ್ರು

*

ಏಪ್ರಿಲ್ 13

ಮೇಷ್ಟ್ರೇ,

ಬರುತ್ತೇನೆ. ಊರುಗೋಲು ಸಿಕ್ಕಿದೆ. ಅವನಿಗಾಗಿ ಒಂದು ಅಂಗಿ ಹೊಲಿದಿದ್ದೇನೆ, ಅಳತೆ ಅಂದಾಜಿನದು. ಅವನ ಹಾಸಿಗೆ ಬಿಸಿಲಿಗೆ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸಿದ್ದೇನೆ. ಬಿಡುಗಡೆಯಾದ ದಿನವೇ ಕರೆದುಕೊಂಡು ಬರಲು ಎರಡು ಟಿಕೆಟ್ಟು ತೆಗೆಸಲೇ?

ಯಾರು ಅವನನ್ನು ಕರೆದುಕೊಂಡು ಹೋದರು ಎಂದು ಕೇಳಿದಿರಾ? ಪದ ಬರೆದ ಕಾಗದಗಳಲ್ಲಿ ಎಷ್ಟು ಸಲ ಕೇಳಿದರೂ ನೀವು ಆ ಪ್ರಶ್ನೆಗೆ ಉತ್ತರವನ್ನೇ ಬರೆಯುವುದಿಲ್ಲ.

ಇಂತಿ,
ಅಕ್ಕ

*

ಜೂನ್ 2

ಮೇಷ್ಟ್ರೇ,

ಕ್ಷೇಮವಾಗಿ ಮನೆ ಸೇರಿದೆ. ಎರಡನೆಯ ಟಿಕೆಟ್ಟಿನ ಸೀಟಿನಲ್ಲಿ ಊರುಗೋಲು ಇಟ್ಟುಕೊಂಡು ಬಂದೆ. ಕೇಳಿದವರಿಗೆಲ್ಲ, ಇಲ್ಲಿ ಜನ ಇದ್ದಾರೆ ಎಂದೆ.

ಅಂದು ಕೋರ್ಟಿನಲ್ಲಿ ನಿಮ್ಮನ್ನು ಹೊರಗೆ ಕೂರಿಸಿದ್ದರಲ್ಲ, ಬೆಂಕಿಯ ಸಂಗತಿಯನ್ನು ಮೊದಲು ನಾನು ಹೇಳಬೇಕು, ಆಮೇಲೆ ನೀವು ಬೇರೆಯಾಗಿ ಹೇಳಬೇಕು, ಎರಡೂ ತಾಳೆಯಾಗಬೇಕು ಎಂದು. ನೀವು ಹೊರಗಿದ್ದಾಗ ನಡೆದದ್ದನ್ನು ಎದುರಿಗೆ ಹೇಳಲು ನನಗೆ ಆಗಲಿಲ್ಲ. ಈಗ ಬರೆಯುತ್ತೇನೆ.

ಮೊದಲು ನಮ್ಮ ಭಾಷೆಯನ್ನೇ ಪರೀಕ್ಷೆ ಮಾಡಿದರು. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಅವನಿಗೆ ಏನೋ ತೋರಿಸಿದರು. ಅವನು ನನಗೆ ಹೇಳಿದ, ನಾನು ಅವರಿಗೆ ಹೇಳಿದೆ: "ಹಿಡಿ ಮುರಿದ ಕೊಡೆ ಸ್ವಾಮಿ. ಒಂದು ಕಡ್ಡಿ ಹೊರಗೆ ಬಂದಿದೆ. ಇಷ್ಟು ದೊಡ್ಡ ಸಾಹೇಬರು ಹೊಸದು ಯಾಕೆ ತಗೊಳ್ಳಲ್ಲ ಅಂತಾನೆ." ನ್ಯಾಯಾಧೀಶರು ಕೊಡೆಯನ್ನು ಮೇಜಿನ ಕೆಳಗೆ ಇಟ್ಟುಬಿಟ್ಟರು.

ಬೆಂಕಿಯ ಸಂಗತಿ ನಿಮಗೂ ಹೇಳಿದ್ದಾನೆ. ವಾಸನೆ ಬಂದು ಒಳಗೆ ಹೋದನಂತೆ. ಕರೆಂಟಿನ ಪೆಟ್ಟಿಗೆಯಿಂದ ಕಿಡಿ ಉದುರುತ್ತಿತ್ತಂತೆ. ಗೋಣಿಚೀಲದಿಂದ ಬಡಿದನಂತೆ, ಆಗ ಕೈ ಸುಟ್ಟದ್ದು. ಕಾವಲುಗಾರ ಕೋಣೆಯಲ್ಲಿ ಮಲಗಿದ್ದ. ಕೂಗಲು ದನಿಯಿಲ್ಲ, ಕೈಯಲ್ಲಿ ಹೇಳೋಣವೆಂದರೆ ಮಲಗಿದವನ ಕಣ್ಣು ಮುಚ್ಚಿದೆ. ಅದಕ್ಕೇ ಭುಜ ಹಿಡಿದು ಎಳೆದು ಹೊರಗೆ ಹಾಕಿದನಂತೆ. ಅದನ್ನು ಕೇಳುತ್ತಾ ಹಿಂದೆ ಕುಳಿತಿದ್ದ ಕಾವಲುಗಾರ ತಲೆ ತಗ್ಗಿಸಿಬಿಟ್ಟ. ಆಮೇಲೆ ಕರೆಂಟಿನವರ ಸಾಕ್ಷಿಯೂ ಅದಕ್ಕೇ ಹೊಂದಿತು.

ಆದರೆ ಅದಕ್ಕೆ ಮೊದಲು ಸರಕಾರಿ ವಕೀಲರು ಒಂದು ಪ್ರಶ್ನೆ ಕೇಳಿದ್ದರು. "ಮನೆ ಬಿಟ್ಟು ಯಾಕೆ ಬಂದ? ಕೇಳಮ್ಮ. ಏನೋ ಮಾಡಿ ಓಡಿ ಬಂದಿರಬೇಕು."

ಕೇಳಿದೆ. ಅವನು ಹೇಳಿದ. ನಾನು ಊರುಗೋಲು ಸರಿಮಾಡಿಕೊಂಡೆ.

"ಏನಂದ?" ಎಂದರು ನ್ಯಾಯಾಧೀಶರು.

ದಾರಿ ತಪ್ಪಿದನಂತೆ ಎಂದು ಹೇಳಬಹುದಿತ್ತು ಮೇಷ್ಟ್ರೇ. ಅವನಿಗೆ ಒಳ್ಳೆಯದೇ ಆಗುತ್ತಿತ್ತು. ನನಗೂ. ಕೋರ್ಟು ತುಂಬ ಜನ, ನೀವು ಒಳಗಿರಲಿಲ್ಲ, ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಿಂದ ಅವನ ಪರವಾಗಿ ನಾನೇ ಎಷ್ಟು ಉತ್ತರ ಹೇಳಿಲ್ಲ, ಅವನಿಗೆ ಹಸಿವಿಲ್ಲ, ಅವನಿಗೆ ಅದು ಇಷ್ಟ, ಅವನಿಗೆ ಇದು ಬೇಡ ಎಂದು. ಅವನು ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದ.

"ದಾರಿ ತಪ್ಪಿದ್ದಲ್ಲ ಅಂತಾನೆ ಸ್ವಾಮಿ" ಎಂದೆ. "ಯಾರೂ ಕರ್ಕೊಂಡು ಹೋಗಲಿಲ್ಲವಂತೆ. ತಾನೇ ಹೋದೆ ಅಂತಾನೆ."

"ಯಾಕಂತೆ?"

"ರೈಲ್ವೆ ಸ್ಟೇಷನ್ನಲ್ಲಿ ಇಬ್ಬರು ಕೈಯಲ್ಲಿ ಮಾತಾಡ್ತಾ ನಿಂತಿದ್ರಂತೆ. ಏನು ಮಾತು ಅಂತ ಇವನಿಗೆ ತಿಳೀಲಿಲ್ಲ. ಆದ್ರೆ ನಗ್ತಾ ಇದ್ರಂತೆ. ಅವರು ರೈಲು ಹತ್ತಿದ್ರು, ಇವನೂ ಹತ್ತಿದ. ಈ ಊರಿನ ಜನಜಂಗುಳೀಲಿ ಅವರು ಕಾಣೆಯಾದ್ರು. ಮತ್ತೆ ಸಿಗಬಹುದು ಅಂತ ಇಲ್ಲೇ ಉಳಿದನಂತೆ."

ನಿಮಗೆ ಇದು ಮುಂಚೆಯೇ ಗೊತ್ತಿತ್ತು, ಅಲ್ಲವೇ? ಅದಕ್ಕೇ ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಬೇಸರವಿಲ್ಲ. ಅವನ ಬಾಯಿಂದಲೇ ಕೇಳಬೇಕಾಗಿತ್ತು.

ಬಿಡುಗಡೆಯ ಸಂಜೆ ನೀವು ನಮ್ಮಿಬ್ಬರನ್ನೂ ಕಿವುಡರ ಸಂಘದ ಕೋಣೆಗೆ ಕರೆದೊಯ್ದಿರಿ. ಬಾಗಿಲು ತೆರೆದರೆ ಸದ್ದೇ ಇಲ್ಲ, ಆದರೆ ಸಂತೆಯಷ್ಟು ಗದ್ದಲ. ಎಲ್ಲರ ಕೈಗಳೂ ಹಾರಾಡುತ್ತಿದ್ದವು. ಇವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಮುಖವನ್ನು ನಾನು ಅಷ್ಟು ವರ್ಷ ನೋಡಿದ್ದೇನೆ, ಆ ಮುಖ ನೋಡಿರಲಿಲ್ಲ. ಯಾರೋ ಕೈ ಹಿಡಿದು ಒಳಗೆ ಎಳೆದುಕೊಂಡರು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತೆ. ಒಬ್ಬಳು ಹುಡುಗಿ ನನಗೆ ಏನೋ ಕೇಳಿದಳು, ಕೈಯಲ್ಲಿ. ಏನೂ ತಿಳಿಯಲಿಲ್ಲ. ನಾನು ತಲೆಯಾಡಿಸಿದೆ. ಅವಳು ನಕ್ಕು ಹೋದಳು.

ಮರುದಿನ ಸ್ಟೇಷನ್ನಿನಲ್ಲಿ ಅವನಿಗೆ ಹೊರಡೋಣ ಎಂದೆ. ಅವನು ಹೊಸ ಅಂಗಿ ಹಾಕಿಕೊಂಡಿದ್ದ, ತೋಳು ಉದ್ದವಾಗಿತ್ತು. ಅಂಗೈಯಿಂದ ತೊಡೆ ಕೊಡವಿದ. ಒಂದೇ ಸಲ, ಮೆತ್ತಗೆ.

ಅವನು ಹಗಲು ನೀವು ಗೊತ್ತುಮಾಡಿದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಮಡಿಸುವ ಕೆಲಸಕ್ಕೆ ಹೋಗಲಿ, ಸಂಜೆ ನಿಮ್ಮ ಹತ್ತಿರ ಕಲಿಯಲಿ. ಸುಟ್ಟ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿ. ನಾನು ಹೇಳಿದರೆ ಕೇಳುವುದಿಲ್ಲ.

ಇಂತಿ,
ಅಕ್ಕ

*

ಆಗಸ್ಟ್ 21

ತಂಗೀ,

ಇದು ನನ್ನ ಕಾಗದವಲ್ಲ. ನಿನ್ನ ತಮ್ಮ ಹೇಳಿದ್ದು, ನಾನು ಬರೆದುಕೊಂಡದ್ದು. ಒಂದು ಮಾತೂ ಸೇರಿಸಬೇಡಿ ಎಂದಿದ್ದಾನೆ. ಹೊಸ ಸನ್ನೆಯಲ್ಲೇ ಹೇಳಿದ, ನಡುನಡುವೆ ನಿಮ್ಮ ಮನೆಯದೂ ಇತ್ತು.

"ಅಕ್ಕಾ, ಈ ಭಾನುವಾರ ಬರ್ತೀನಿ ಅಂದಿದ್ದೀಯಂತೆ. ಬರಬೇಡ. ಸಂಘದವರ ಜೊತೆ ಫುಟ್ಬಾಲ್ ಇದೆ. ನಾನು ಗೋಲು ಕಾಯೋನು. ಬೆರಳು ಸೆಟೆದಿದೆ, ಆದ್ರೂ ಚೆಂಡು ಹಿಡೀತೀನಿ. ಅದರ ಮುಂದಿನ ಭಾನುವಾರ ಬಾ. ಅಂಗಿ ತೋಳು ನಾನೇ ಮಡಚಿ ಹೊಲಿದುಕೊಂಡೆ. ಇಲ್ಲಿ ನನ್ನ ಹೆಸರು ಬೇರೆ, ಬಂದಾಗ ಹೇಳ್ತೀನಿ. ಒಬ್ಬ ಸ್ನೇಹಿತನ ಜೊತೆ ಜಗಳ ಆಯ್ತು. ಆಮೇಲೆ ರಾಜಿ ಆಯ್ತು. ಮೇಷ್ಟ್ರು ಜಾಸ್ತಿ ಮಾತಾಡ್ತಾರೆ. ಮುಗೀತು."

ಇಂತಿ, ಅವನ ಪರವಾಗಿ,
ಜಾಸ್ತಿ ಮಾತಾಡುವ ಮೇಷ್ಟ್ರು

*

ಆಗಸ್ಟ್ 27

ತಮ್ಮಾ,

ಇದನ್ನು ಮೇಷ್ಟ್ರು ನಿನಗೆ ಕೈಯಲ್ಲಿ ಓದಿ ಹೇಳುತ್ತಾರೆ. ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ. ಇಷ್ಟು ದಿನ ನಿನ್ನ ಬಗ್ಗೆ ಬರೆದೆ, ನಿನಗೆ ಬರೆದಿರಲಿಲ್ಲ.

ಬರಬೇಡ ಎಂದೆಯಲ್ಲ, ಓದಿ ಮೊದಲು ಕೋಪ ಬಂತು. ಕಟ್ಟಿದ ಚೀಲ ಬಿಚ್ಚಿ ಬಟ್ಟೆ ಎಲ್ಲ ಮಂಚದ ಮೇಲೆ ಎಸೆದೆ. ಆಮೇಲೆ ಪಕ್ಕದ ಮಿಷನ್ನಿನವಳಿಗೆ ತೋರಿಸಿದೆ. "ಅಬ್ಬಾ, ನಿನ್ನ ತಮ್ಮನಿಗೆ ಎಷ್ಟು ಕೊಬ್ಬು ಬಂದಿದೆ ನೋಡೇ" ಎಂದು ನಕ್ಕಳು. ನಾನೂ ನಕ್ಕೆ. ಕಾರ್ಖಾನೆಯ ಸದ್ದಿನಲ್ಲಿ ನಗು ಯಾರಿಗೂ ಕೇಳಿಸಲಿಲ್ಲ.

ಆಗಲಿ, ಅದರ ಮುಂದಿನ ಭಾನುವಾರ ಬರುತ್ತೇನೆ. ಸ್ನೇಹಿತನ ಜೊತೆ ಏಕೆ ಜಗಳ ಆಯಿತು ಎಂದು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದರೆ ಹೇಳು.

ಒಂದು ಮಾತು ನಿನಗೆ ಹೇಳಬೇಕು ಎಂದು ಮೊನ್ನೆ ಸಂಜೆ ಅಡುಗೆಮನೆಯಲ್ಲಿ ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ನಮ್ಮ ಭಾಷೆಯಲ್ಲಿ ಅದಕ್ಕೆ ಸನ್ನೆಯೇ ಇಲ್ಲ. ಹಸಿವಿಗೆ ಇದೆ, ಸಿಟ್ಟಿಗೆ ಇದೆ, ಸತ್ತವರಿಗೆ ಕೂಡ ಇದೆ. ಬದುಕಿದ್ದೂ ದೂರ ಇರುವವರ ನೆನಪಾಗುವುದಕ್ಕೆ ಇಲ್ಲ. ನಾವಿಬ್ಬರೂ ಯಾವತ್ತೂ ಒಟ್ಟಿಗೇ ಇದ್ದೆವಲ್ಲ, ಬೇಕಾಗಿರಲಿಲ್ಲ.

ನಿನ್ನ ಹೊಸ ಭಾಷೆಯಲ್ಲಿ ಇದ್ದೇ ಇರುತ್ತದೆ. ಯಾರನ್ನಾದರೂ ಕೇಳಿ ಕಲಿತಿಟ್ಟುಕೋ. ನಾನು ಬಂದಾಗ ನಿಧಾನವಾಗಿ ಮಾಡಿ ತೋರಿಸು. ನನಗೆ ಬೇಗ ತಿಳಿಯುವುದಿಲ್ಲ, ಎರಡು ಮೂರು ಸಲ ತೋರಿಸಬೇಕಾಗುತ್ತದೆ.

ಇಂತಿ,
ನಿನ್ನ ಅಕ್ಕ